ಉಪ್ಪು ಎಲ್ಲಿದೆ, ಹಾಲು ಎಲ್ಲಿದೆ

12-11-2004, ಗೊಳಸಂಗಿ
ಬೆಳಿಗ್ಗೆ ಆರು. ಬಿಪಿ ಗುಳಿಗೆ, ಚಹಾ, ಆಮೇಲೆ ಪಾಠ. ಇವತ್ತು ಉಪ್ಪು. ಊ ಎ ಲ ಸೆಲ್ — ಉಪ್ಪು ಎಲ್ಲಿದೆ? ನಿಜಾಮುದ್ದೀನ ಮಾಸ್ತರರ ಫ್ರೆಂಚ್ ಪುಸ್ತಕದಲ್ಲಿ ಗೆದ್ದಲು ಬಿಟ್ಟ ಪಾಠ ಇದೊಂದೇ, ತಿನ್ನುವ ಸಾಮಾನು ಕೇಳುವುದು. ಪಕ್ಕಕ್ಕೆ ಕನ್ನಡದಲ್ಲಿ ಬರೆದುಕೊಟ್ಟಿದ್ದಾರೆ. ಎಪ್ಪತ್ತೊಂದರ ನಾಲಿಗೆ, ಹೊರಳುವುದಿಲ್ಲ.

ರೊಟ್ಟಿ ಬಡಿಯುತ್ತಿದ್ದ ಮಗಳು ಸುವರ್ಣಾ ನಕ್ಕಳು. "ಏನಪ್ಪಾ, ದನಾ ಹೊಡ್ಯಾಕತ್ತೀಯೇನು, ಊ ಎ ಅಂತ? ನಮ್ಮ ಮನ್ಯಾಗಿನ ಉಪ್ಪ ಎಲ್ಲೈತಿ ಅಂತ ಆ ಬರೂ ಹುಡುಗೀನ್ನ ಯಾಕ ಕೇಳ್ತಿ?"

"ಆಕಿ ಕೇಳಿದ್ರ ನಮಗ ತಿಳೀಬೇಕಲ್ಲವಾ."

ಫ್ರಾನ್ಸಿನ ಹುಡುಗಿ, ಆಲಮಟ್ಟಿ ಡ್ಯಾಮ್ ನೋಡಲು ಬರುತ್ತಾಳೆ, ಒಂದು ದಿನ ನಮ್ಮಲ್ಲಿ ಊಟ — ಅವಳಿಗೆ ಹೀಗೆ ಹೇಳಿದ್ದೇನೆ.

15-11
ಫ್ರಾನ್ಸಿನಿಂದ ಬಂದ ಇಂಗ್ಲಿಷ್ ಪತ್ರವನ್ನು ಮಾಸ್ತರರಿಂದ ಮತ್ತೆ ಓದಿಸಿಕೊಂಡೆ. ಹೆಸರು ಎಲೀಸ್. ಹತ್ತೊಂಬತ್ತು ವರ್ಷ. ಹೆತ್ತವಳನ್ನು ನೋಡಬೇಕಂತೆ. ಡಿಸೆಂಬರ್ ಐದಕ್ಕೆ.

ಇಲ್ಲಿಯಾದರೂ ಬರೆದುಬಿಡುತ್ತೇನೆ. ಎಂಬತ್ತೈದರಲ್ಲಿ ಅಳಿಯ ಸತ್ತಾಗ ಸುವರ್ಣಾ ತುಂಬು ಬಸುರಿ. ಕೂಸಿದ್ದರೆ ಉಡಿಕೆಗೆ ಯಾರೂ ಬರುವುದಿಲ್ಲ, ಎರಡನೆಯ ಗಂಡ ಸಿಗುವುದಿಲ್ಲ ಎಂದುಕೊಂಡು, ಹುಟ್ಟಿದ ದಿನವೇ ಅನಾಥಾಶ್ರಮಕ್ಕೆ ಕೊಟ್ಟೆ. ಅಲ್ಲಿಂದ ಫ್ರಾನ್ಸಿನವರು ದತ್ತು ಒಯ್ದರು. ಅವಳಿಗೆ, ಸತ್ತಿತು ಎಂದೆ. ಉಡಿಕೆಯೂ ಆಗಲಿಲ್ಲ. ಒಲ್ಲೆ ಎಂದಳು.

ಮಾಸ್ತರರು ಪತ್ರ ಮಡಚಿ ಕೈಗಿಟ್ಟರು. "ಕಾಕಾ, ಪಾಠ ಸಾಕ್ರಿ. ಮೊದ್ಲ ಆಕಿಗೆ ಹೇಳ್ರಿ."

"ಹೇಳ್ತೇನ್ರಿ."

"ಯಾವಾಗ? ಕಾರ್ ಬಾಗಲಕ್ಕ ಬಂದಮ್ಯಾಲೇನು?"

23-11
ಸುವರ್ಣಾ ನನಗಿಂತ ಚುರುಕು. ಸಕ್ಕರೆ, ಬ್ರೆಡ್, ಅಕ್ಕಿ ಎಲ್ಲ ಬಂದವು. ನನ್ನ ಉಚ್ಚಾರ ತಿದ್ದುತ್ತಾಳೆ. ಇವತ್ತು ಹಾಲು. ಊ ಎ ಲ ಲೆ. ಎರಡು ಸಲ ಅಂದಳು, ನಿಲ್ಲಿಸಿದಳು. ಒಲೆ ಊದುತ್ತ ಹೇಳಿದಳು, "ಆ ಕೂಸು ಇದ್ದಿದ್ರ ಇಷ್ಟೊತ್ತಿಗೆ ಹತ್ತೊಂಬತ್ತು ಆಗ್ತಿತ್ತು ನೋಡಪ್ಪಾ. ಎದಿ ಹಾಲ ಕಟ್ಟಿ ಎಂಟ ದಿನಾ ಜ್ವರಾ ಬಂದಿತ್ತು ನನಗ."

ಎದ್ದು ಹೊರಗೆ ಬಂದೆ. ಪಾಠ ಅಲ್ಲಿಗೇ.

2-12
ಹೇಳಲಿಲ್ಲ.

4-12
ಬಾಗೇವಾಡಿ ಸಂತೆಯಿಂದ ಹುಡುಗಿಗೆ ಹಸಿರು ಬಳೆ ತಂದಿದ್ದಾಳೆ. "ಕೈ ಅಳತಿ ಗೊತ್ತಿಲ್ಲಲ್ಲಪ್ಪಾ. ನಂದ ಅಳತಿ ಕೊಟ್ಟೆ."

5-12, ಹತ್ತೂವರೆ
ಹೇಳಿದೆ. ಹಿಟ್ಟಿನ ಕೈ ಹಾಗೇ ನಿಂತಿತು. ಕೈ ತೊಳೆದಳು, ಬಹಳ ಹೊತ್ತು.

"ಕಾರ್ ಎಷ್ಟೊತ್ತಿಗಿ?"

"ಹನ್ನೊಂದಕ್ಕವಾ."

"'ನಾ ಕೊಟ್ಟಿಲ್ಲ, ನನಗ ಗೊತ್ತ ಇರಲಿಲ್ಲ' ಅನ್ನೂದಕ್ಕ ಅವರ ಮಾತಿನಾಗ ಏನಂತಾರ? ಪುಸ್ತಕದಾಗ ನೋಡು."

"ಆಕಿ ಜೋಡಿ ದುಭಾಷಿ ಬರ್ತಾನ ಸುವರ್ಣಾ, ಅಂವ ಹೇಳ್ತಾನ..."

"ಅಂವಾ ಬ್ಯಾಡ. ನನ್ನ ಬಾಯಿಲೇ ಹೇಳಬೇಕು. ನೋಡು."

ನೋಡಿದೆ. ಉಪ್ಪು ಎಲ್ಲಿದೆ. ಸಕ್ಕರೆ ಎಲ್ಲಿದೆ. ಹಾಲು ಎಲ್ಲಿದೆ. ಮೊಟ್ಟೆ ಎಲ್ಲಿವೆ.

"ಹಿಂದಿನ ಹಾಳಿ ನೋಡಪ್ಪಾ, ಎಲ್ಲೆರ ಇರತೈತಿ" ಎನ್ನುತ್ತಾಳೆ. ಹಿಂದಿನ ಹಾಳೆಗಳೇ ಇಲ್ಲ. ಇದ್ದದ್ದನ್ನೇ ತಿರುವುತ್ತೇನೆ, ಹುಡುಕಿ ಬರೆದುಕೊಳ್ಳುವವನಂತೆ ಇಲ್ಲಿ ಗೀಚುತ್ತೇನೆ. ತಲೆ ಎತ್ತಲಾರೆ. ಅವಳು ಮೈಮೇಲೆ ಬಗ್ಗಿ ನಿಂತಿದ್ದಾಳೆ. "ಸಿಕ್ತೇನು?"

ಊರ ಅಗಸಿ ಕಡೆ ಕಾರಿನ ಹಾರ್ನ್. "ಸಿಕ್ತೇನಪ್ಪಾ?" ಇಲ್ಲ ಎಂದು ಇಲ್ಲಿ ಬರೆಯುತ್ತೇನೆ, ಬಾಯಿಬಿಟ್ಟು ಹೇಳಲಾರೆ.