ಸ್ಕೆಲ್ಬಿಸ್ಟರ್ ಎಂಬ ಹೆಸರು

ಅಕ್ಟೋಬರ್ ೧೯, ಆರ್ಕ್ನಿ ದ್ವೀಪ

ಆದರೂ ನಾನು ಹೂಂ ಅಂದದ್ದು ತಪ್ಪೇ. ಕೆನಡಾದಿಂದ ಬಂದಿರುವ ಐಲೀನ್ ಸ್ಕೆಲ್ಬಿಸ್ಟರ್ ನಾಳೆ ಬೆಳಿಗ್ಗೆ ತನ್ನಪ್ಪನ ಬೂದಿಯನ್ನು ನಮ್ಮ ಮನೆತನದ ಸಮಾಧಿಯಲ್ಲಿ, ನನ್ನ ಹೆಂಡತಿ ಜೆಸ್ಸಿಯ ಪಕ್ಕ, ಇಡುತ್ತಾಳೆ. "ಈ ಹೆಸರಿನವರು ಪ್ರಪಂಚದಲ್ಲಿ ನಾವಿಬ್ಬರೇ ಉಳಿದಿರೋದು, ದೊಡ್ಡಪ್ಪ. ನಿಮ್ಮ ಮೂಗು ಥೇಟ್ ನಮ್ಮಪ್ಪಂದೇ!" ಅಂದಳು. ನಾನು ಮೂಗು ಮುಟ್ಟಿಕೊಂಡು ನಕ್ಕೆ. ನನ್ನನ್ನು ದೊಡ್ಡಪ್ಪ ಅನ್ನುವವರು ಬೇರೆ ಯಾರಿದ್ದಾರೆ?

ಇಲ್ಲಿ ಹಿಂದೆ ಹೊಲ ಹಿಡಿದವನು ಹೊಲದ ಹೆಸರನ್ನೂ ಹಿಡಿಯುತ್ತಿದ್ದ. ಜಮೀನ್ದಾರ ಅವಳ ಹಿರಿಯರನ್ನು ಸ್ಕೆಲ್ಬಿಸ್ಟರ್ ಹೊಲದಿಂದ ಎಬ್ಬಿಸಿ ಹಡಗು ಹತ್ತಿಸಿದ. ಅವರ ಒಲೆ ಆರುವ ಮೊದಲೇ ನಮ್ಮ ಮುತ್ತಜ್ಜ ಒಳಗೆ ಬಂದ, ಹೆಸರನ್ನೂ ತೊಟ್ಟುಕೊಂಡ. ರಕ್ತಸಂಬಂಧ ಎಳ್ಳಷ್ಟೂ ಇಲ್ಲ. ಆ ಸಮಾಧಿಯಲ್ಲಿ ಮೊದಲು ಮಲಗಿದವನೂ ಅವನೇ.

ಪಕ್ಕದ ಹೊಲದ ಮ್ಯಾನ್ಸಿಗೆ ಇದೆಲ್ಲ ಗೊತ್ತು. "ಏನಯ್ಯಾ ವಂಶೋದ್ಧಾರಕ, ಮನೆ ಕಿತ್ಕೊಂಡೋರ ಮಗ್ಗುಲಲ್ಲೇ ಆ ಮುದುಕನ್ನ ಮಲಗಿಸ್ತೀಯಾ?" ಅಂದ. ಕಾಲೇಜಿನಲ್ಲಿ ಉರುಹೊಡೆದ ದೊಡ್ಡ ಮಾತೊಂದು ಬಾಯಿಗೆ ಬಂತು, ಅರ್ಧಕ್ಕೇ ಮರೆತುಹೋಯಿತು.

ಜೆಸ್ಸಿ ಇದ್ದಿದ್ದರೆ, ಐಲೀನ್ ಇವತ್ತು ಊಟಕ್ಕೆ ಬಂದಾಗ, ಸೂಪ್ ಬಡಿಸುವ ಮೊದಲೇ ನಿಜ ಹೇಳಿಬಿಡುತ್ತಿದ್ದಳು. ನಾನು ಬಡಿಸಿದೆ, ಮತ್ತೆ ಬಡಿಸಿದೆ, ಹೇಳಲಿಲ್ಲ.

ಐಲೀನ್ ಇಳಿದುಕೊಂಡಿರುವುದು ದೋಣಿಕಟ್ಟೆಯ ಹೋಟೆಲಿನಲ್ಲಿ. ನಾಳೆ ಹೇಳೋಣವೆಂದರೆ ಪಾದ್ರಿಯ ಮುಂದೆ ನಾಲಗೆ ಏಳುವುದಿಲ್ಲ. ಅಕ್ಷರಗಳು ಮಸುಕಾಗುತ್ತಿವೆ, ಬೆಳಕು ಹೋಗುತ್ತಿದೆ. ಈಗಲೇ ಎದ್ದರೆ ಹೋಟೆಲಿನ ದಾರಿ ಕಾಣುತ್ತದೆ, ಇನ್ನೊಂದು ಸಾಲು ಬರೆಯುತ್ತ ಕೂತರೆ…