ಹಳಿಗೆ ಬದಲು ಎಣ್ಣೆ

ಕೊಟ್ಟೂರು,
೧೪-೧೧-೧೯೮೮

ಪ್ರೀತಿಯ ತಮ್ಮ ಪಕ್ಕೀರಪ್ಪನಿಗೆ ಅಕ್ಕ ಗಾಳೆಮ್ಮನ ಆಶೀರ್ವಾದ.

ಬೆನ್ನುನೋವು ಹೇಗಿದೆ? ಮಲೇಷಿಯಾದ ಮಳೆಯಲ್ಲಿ ನೆನೆದು ರೈಲು ಹಳಿ ಹೊರಬೇಡ, ಮೇಸ್ತ್ರಿ ಬೈದರೆ ಬೈಯಲಿ. ಇಲ್ಲಿ ಅವ್ವ ಗಟ್ಟಿಯಾಗಿದ್ದಾಳೆ. ಎಷ್ಟು ಗಟ್ಟಿ ಅಂತ ಮುಂದೆ ಓದು.

ಎಣ್ಣೆ ಮಿಲ್ಲು ಈ ಸಲ ಬಾಗಿಲು ತೆರೆದಿಲ್ಲ. ಹೊಸ ಶೇಂಗಾ ಬಂದಾಗ ಹಿರಿಯ ಕೂಲಿ ಹೆಂಗಸು ಮೊದಲ ಬುಟ್ಟಿ ಸುರಿದ ಮೇಲೇ ಯಂತ್ರ ತಿರುಗುವುದು ನಿನಗೆ ಗೊತ್ತಲ್ಲ. ಈ ವರ್ಷ ಆ ಸರದಿ ಅವ್ವನದು. ಸೀರೆ ಒಗೆದು ಮಡಿಸಿಟ್ಟು ಕಾದಳು. ಸಾಹುಕಾರ ಬೀಗ ತೋರಿಸಿದ. ರೇಷನ್ ಅಂಗಡಿಯಲ್ಲಿ ಅಗ್ಗದ ಪಾಮೋಲಿನ್ ತಾಳೆ ಎಣ್ಣೆ ಸಿಗುವಾಗ ಶೇಂಗಾ ಎಣ್ಣೆ ಯಾರು ಕೊಳ್ಳುತ್ತಾರೆ ಅಂತ ನಮ್ಮನ್ನೇ ಕೇಳಿದ. ಬೀಜ ಆರಿಸುವ ನಾವೆಲ್ಲ ಬೀದಿಗೆ ಬಿದ್ದೆವು.

ಆ ಎಣ್ಣೆ ಎಲ್ಲಿಯದು? ನೀನಿರುವ ದೇಶದ್ದು. ಹೋಗುವಾಗ ನೀನೇ ಎದೆ ಉಬ್ಬಿಸಿ ಹೇಳಿದ್ದೆಯಲ್ಲ, "ನಾವು ಹಳಿ ಹಾಕ್ತೀವಿ, ಅವ್ರು ರೊಕ್ಕದ ಬದ್ಲಿ ಎಣ್ಣಿ ಕೊಡ್ತಾರ" ಅಂತ. ಎರಡೂ ಬ್ರಿಟಿಷರ ಬೂಟು ಒರೆಸಿ ಬಂದ ದೇಶಗಳೇ. ಈಗ ಮಂತ್ರಿಗಳು ಹಾರ ಹಾಕಿಕೊಂಡು ಸ್ನೇಹ ಅನ್ನುತ್ತಾರೆ, ರೇಡಿಯೊ ಅದನ್ನೇ ಒದರುತ್ತದೆ. ಈ ಸ್ನೇಹಕ್ಕೆ ಬೆವರು ನಿನ್ನದು, ಬೀಗ ನಮಗೆ. ನಮ್ಮನ್ನು ಯಾವ ನನ್ಮಗ ಕೇಳಿದ?

ಬೀಜ ಆರಿಸುವ ಹೆಂಗಸರ ನಮ್ಮ ಸಂಘದವರು ಸೇರಿ ರೇಷನ್ ಅಂಗಡಿಗೆ ಬರುವ ಎಣ್ಣೆ ಲಾರಿಗೆ ಅಡ್ಡ ಕುಳಿತೆವು. ಅದಕ್ಕೆ ದೀಪಾವಳಿಯ ಹಿಂದಿನ ದಿನವನ್ನೇ ಆರಿಸಿಕೊಂಡದ್ದು ನಮ್ಮ ದಡ್ಡತನ. ಪೊಲೀಸರು ಬರುತ್ತಾರೆಂದು ಕಾಯುತ್ತಿದ್ದೆವು. ಬಂದದ್ದು ನಮ್ಮ ಕೇರಿಯವರೇ, ಬಾಟಲಿ ಹಿಡಿದು. ಎಲ್ಲರ ಮುಂದೆ ಅವ್ವ. "ಲೇ ಗಾಳಿ, ನಿನ್ನ ಘೋಷಣಿ ಬಾಣಲಿಗಿ ಹಾಕಿದ್ರ ಕಡಬು ಕರೀತೈತೇನು? ಸರಿ ಅತ್ತಾಗ," ಅಂದಳು. ಬೀಜ ಆರಿಸಿ ಬೆರಳು ಸವೆಸಿದ ನಮಗೇ ಶೇಂಗಾ ಎಣ್ಣೆ ಕೊಳ್ಳುವ ಶಕ್ತಿ ಯಾವತ್ತೂ ಇರಲಿಲ್ಲ. ಸಂಘದ ಹೆಂಗಸರು ಒಬ್ಬೊಬ್ಬರೇ ಎದ್ದು, ಮನೆಗೆ ಓಡಿ, ಬಾಟಲಿ ತಂದು ಸಾಲಿಗೆ ನಿಂತರು. ಕೊನೆಗೆ ಲಾರಿ ಮುಂದೆ ನಾನೊಬ್ಬಳೇ. ಡ್ರೈವರ್ ಹಾರ್ನ್ ಕೂಡ ಹೊಡೆಯಲಿಲ್ಲ. ನನ್ನ ಪಕ್ಕದಿಂದ ಲಾರಿ ತಿರುಗಿಸಿಕೊಂಡು ಹೋದ.

ಹಬ್ಬದ ಕಡಬು ನಾನು ಮುಟ್ಟಲಿಲ್ಲ. ಅದಕ್ಕೆ ಅವ್ವ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಕೇರಿಯವರೆಲ್ಲ ನಿನ್ನನ್ನು ನೆನೆದಿದ್ದಾರೆ, ನನ್ನನ್ನು ಬೈದಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ,
ಗಾಳೆಮ್ಮ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು. ಇನ್ನೊಂದು ಕರಾರಿಗೆ ರುಜು ಹಾಕಲಾ, ಊರಿಗೆ ಬರಲಾ ಅಂತ ನೀನು ಕೇಳಿದ್ದೆಯಲ್ಲ. ಹಾಕು. ಮಿಲ್ಲಿನ ಕೂಲಿ ನಿಂತ ಮನೆ ಈಗ ನಿನ್ನ ದುಡಿಮೆಯಲ್ಲೇ ಉಣ್ಣಬೇಕು. ಇದನ್ನು ಬರೆಯಲು ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಒಂದು ಕೆಲಸ ಮಾಡು. ಆ ಎಣ್ಣೆಗೆ ತೋಟದಲ್ಲಿ ತಾಳೆಹಣ್ಣು ಆಯುವ ಹೆಂಗಸರು ಇರುತ್ತಾರಲ್ಲ, ಅವರನ್ನು ಕಂಡು ಸಂಘ ಕಟ್ಟಿಕೊಂಡಿದ್ದಾರಾ ಕೇಳು. ಕಟ್ಟಿಕೊಂಡಿದ್ದರೆ ವಿಳಾಸ ಕಳಿಸು.