ಒಂದು ಸೈಜ್ ದೊಡ್ಡ ಹೆಲ್ಮೆಟ್

ರೀ,

ನಾನು ಆಸ್ಪತ್ರೆಗೆ ಹೊರಟೆ, ಇವತ್ತು ಬೆಳಗಿನ ಪಾಳಿ. ತಿಂಡಿ ಮುಚ್ಚಿಟ್ಟಿದ್ದೀನಿ. ಬೈಕ್ ಕೀ ಹುಡುಕಬೇಡಿ, ನನ್ನ ಬ್ಯಾಗಲ್ಲಿದೆ.

ಮಕ್ಕಳ ಶೂ ಒಂದು ಸೈಜ್ ದೊಡ್ಡದು ತರೋದು ನಮ್ಮನೆ ಪದ್ಧತಿ, ಒಪ್ಪಿದೆ. ಹೆಲ್ಮೆಟ್ಟೂ ಹಾಗೇ ತಂದಿದ್ದೀರಲ್ಲ, ನಲವತ್ತಾರು ವರ್ಷಕ್ಕೆ ತಲೆ ಇನ್ನೂ ಬೆಳೆಯುತ್ತೆ ಅಂತಲಾ? ನಿನ್ನೆ ಗೇಟಲ್ಲಿ ಹಿಂದೆ ತಿರುಗಿ ನನಗೆ ಟಾಟಾ ಮಾಡಿದ್ರಿ. ಆಗ ರಸ್ತೆ ನೋಡ್ತಿದ್ದದ್ದು ಹೆಲ್ಮೆಟ್ ಒಂದೇ.

ಸಂಜೆಯೊಳಗೆ ಅಂಗಡಿಗೆ ಹೋಗಿ ಬದಲಾಯಿಸಿ. ನಡೆದೇ ಹೋಗಿ. ಕೆನ್ನೆ ಒತ್ತುವಷ್ಟು ಬಿಗಿ ಇರಬೇಕು, ತಲೆ ಅಲ್ಲಾಡಿಸಿದ್ರೆ ಜೊತೆಗೇ ಅಲ್ಲಾಡಬೇಕು. ಜಾಕೆಟ್ ಏನೋ ಚೆನ್ನಾಗಿದೆ, ಕನ್ನಡಿ ಮುಂದೆ ಅರ್ಧ ಗಂಟೆ ನಿಂತಿದ್ದನ್ನ ನೋಡಿದೆ. ಆದ್ರೆ ಮೊಣಕೈಗೆ ಪ್ಯಾಡೇ ಇಲ್ಲ. ಗ್ಲೌಸಂತೂ ತಂದೇ ಇಲ್ಲ. ಬೀಳುವಾಗ ಯಾರೇ ಆದ್ರೂ ಮೊದಲು ಊರೋದು ಕೈಯನ್ನೇ.

"ನಂಗೇನಾಗುತ್ತೆ ಬಿಡೇ" ಅಂದ್ರಲ್ಲ. ಹದಿನೆಂಟು ವರ್ಷದಿಂದ ಮುರಿದ ಕೈಕಾಲಿಗೆ ಪ್ಲಾಸ್ಟರ್ ಹಾಕ್ತಿದ್ದೀನಿ. ನನ್ನ ಮುಂದೆ ಕೂತವರೆಲ್ಲ ಮನೇಲಿ ಅದನ್ನೇ ಹೇಳಿ ಬಂದವರು.

ಅವರಿಗೆಲ್ಲ ಕಣ್ಣು ಮುಚ್ಕೊಂಡು ಹಾಕ್ತೀನಿ. ನಿಮಗೆ ಹಾಕೋ ಹಾಗಾದ್ರೆ ಮೂರು ಸಲ ಬಿಚ್ಚಿ ಸುತ್ತಿದ್ರೂ ಪಟ್ಟಿ ಸೊಟ್ಟ ಆಗುತ್ತೆ. ಆಮೇಲೆ ಆರು ವಾರ ಅದಕ್ಕೂ ನನ್ನನ್ನೇ ಆಡ್ಕೋತೀರಿ.